ಹಿಂದೆ ನಿಂತವರು ಬೀಳಬಾರದು

ಚೆನ್ನಾಗಿ ಗಾಡಿ ಓಡಿಸುವವರನ್ನು ಕಂಡರೆ ನನ್ನ ಎದೆ ಡವಗುಟ್ಟಲು ಶುರುವಾದದ್ದು ಆ ವರ್ಷ. ಡ್ರೈವಿಂಗ್ ಸ್ಕೂಲ್ ನಡೆಸುವವಳ ಬಾಯಲ್ಲಿ ಇಂಥ ಮಾತು ಬರಬಾರದು, ನಿಜ. ಆದರೆ ಆ ವರ್ಷ ಆಗಬಾರದ್ದೆಲ್ಲ ಆಯಿತು, ನನ್ನ ಬಾಯಿಯೊಂದನ್ನೇ ದೂರಿ ಏನು ಬಂತು?

ನಮ್ಮೂರಿನ ನಡುವೆ ಒಂದು ದೊಡ್ಡ ಕಾಲುವೆ, ಅದರ ಮೇಲೊಂದು ಸೇತುವೆ. ಆಚೆ ದಡ ಅಂದರೆ ಮನೆ ಬಾಡಿಗೆ ಹೆಚ್ಚು, ಈಚೆ ದಡ ಅಂದರೆ ಸೊಳ್ಳೆ ಹೆಚ್ಚು. ಮೊದಲೆಲ್ಲ ಇಷ್ಟೇ ವ್ಯತ್ಯಾಸ. ಆ ವರ್ಷ ನಮ್ಮ ಸೀಮೆ ಯಾರ ಕಡೆಗೆ ಸೇರಬೇಕು ಅಂತ ಮತ ಹಾಕಿಸಿದರು. ಎರಡು ಕಡೆಯವರೂ ನಾವೇ ಗೆದ್ದೆವು ಅಂದರು. ಅದಾದ ಕೆಲವೇ ದಿನಗಳಲ್ಲಿ ಸೇತುವೆಯ ನಟ್ಟನಡುವೆ ಬಿಳಿ ಬಣ್ಣದ ಗೆರೆ ಬಿತ್ತು, ಎರಡೂ ತುದಿಗೆ ಮರಳಿನ ಚೀಲ ಬಂತು, ಚೀಲದ ಹಿಂದೆ ಬಂದೂಕು ಬಂತು. ಈಚೆಗೊಂದು ಕಮಿಟಿ, ಆಚೆಗೊಂದು ಕಮಿಟಿ. ಎರಡು ಕಮಿಟಿಯವರೂ ಒಂದೇ ಅಂಗಡಿಯ ಬೂಟು ಹಾಕಿಕೊಳ್ಳುತ್ತಿದ್ದರು. ಆ ಅಂಗಡಿ ಈಚೆಗಿತ್ತು, ಗೋದಾಮು ಆಚೆಗಿತ್ತು, ಅದು ಹೇಗೆ ನಡೆಯುತ್ತಿತ್ತೋ ನನ್ನನ್ನು ಕೇಳಬೇಡಿ.

ಗೆರೆ ಬಿದ್ದ ದಿನ ನನ್ನ ಅಕ್ಕ ಆಚೆ ಇದ್ದಳು. ಅವಳು ಆಚೆ ದಡದ ಆಸ್ಪತ್ರೆಯಲ್ಲಿ ನರ್ಸು. ಆಸ್ಪತ್ರೆಯ ಪಕ್ಕದ ಶಾಲೆಯಲ್ಲೇ ಅವಳ ಮಗಳು, ನಮ್ಮ ಪುಟ್ಟಿ. ಬೆಳಿಗ್ಗೆ ಹೊರಡುವಾಗ ಗಂಡನಿಗೆ "ಒಲೆ ಮೇಲೆ ಹಾಲಿದೆ, ನೋಡ್ಕೊಳ್ಳಿ" ಅಂತ ಹೇಳಿ, ಮಗಳ ಕೈ ಹಿಡಿದು ಹೋದವಳಿಗೆ ಸಂಜೆ ವಾಪಸು ಬರಲಾಗಲಿಲ್ಲ. ಆಸ್ಪತ್ರೆಯ ಒಂದು ಉಗ್ರಾಣದ ಕೋಣೆಯಲ್ಲಿ ತಾಯಿ ಮಗಳು ಹಾಸಿಗೆ ಹಾಸಿಕೊಂಡರು. ಈಚೆ ಉಳಿದವರು ಭಾವ, ಅಮ್ಮ, ನಾನು.

ಟೆಲಿಫೋನು ಸತ್ತಿತು. ಕರೆಂಟು ತನಗೆ ಇಷ್ಟ ಬಂದಾಗ ಬರುತ್ತಿತ್ತು. ಅಂಗಡಿಗಳ ಬೋರ್ಡಿನ ಮೇಲಿದ್ದ ಹೆಸರುಗಳನ್ನು ಮಾಲೀಕರೇ ಏಣಿ ಹಾಕಿಕೊಂಡು ಅಳಿಸಿದರು, ಹೆಸರು ಯಾರ ಕಡೆಯದು ಅಂತ ಯಾರಾದರೂ ಓದಿಬಿಟ್ಟಾರು ಎಂಬ ಭಯ. ಜನ ಎದುರಿಗೆ ಸಿಕ್ಕರೆ ಹೇಗಿದ್ದೀರಿ ಅನ್ನುವುದನ್ನು ಬಿಟ್ಟು ಎಲ್ಲಿಂದ ಬಂದ್ರಿ ಅನ್ನತೊಡಗಿದರು. ಅಮ್ಮ ಕಿಟಕಿಯ ಹತ್ತಿರ ಕೂರುವುದನ್ನು ಬಿಟ್ಟು ಬೀರುವಿನ ಮರೆಗೆ ಕುರ್ಚಿ ಹಾಕಿಕೊಂಡಳು. ಅಷ್ಟಾದರೂ ಜನ ಕ್ಷೌರ ಮಾಡಿಸಿಕೊಂಡರು, ಮಕ್ಕಳಿಗೆ ಬೈದರು, ಬೆಳಿಗ್ಗೆ ನೀರಿಗೆ ಜಗಳ ಆಡಿದರು. ಹೆದರಿಕೊಂಡೇ ಇದನ್ನೆಲ್ಲ ಮಾಡುವುದು ಎಲ್ಲರಿಗೂ ರೂಢಿಯಾಯಿತು.

ನನ್ನ ಸ್ಕೂಲು ಮುಚ್ಚಲಿಲ್ಲ. ಡ್ರೈವಿಂಗ್ ಟೆಸ್ಟ್ ಕೊಡುವ ಮೈದಾನ ಆಚೆ ಇತ್ತು. ಲೈಸೆನ್ಸ್ ಇಲ್ಲದ ಕಮಿಟಿ ಹುಡುಗರೆಲ್ಲ ಜೀಪು ಹತ್ತಿ ಗೋಡೆಗೆ ಗುದ್ದತೊಡಗಿದ ಮೇಲೆ ಎರಡೂ ಕಮಿಟಿಗೆ ಒಂದು ವಿಷಯದಲ್ಲಿ ಮನಸ್ಸು ಒಂದಾಯಿತು: ವಾರಕ್ಕೊಮ್ಮೆ ಕಲಿಯುವವರ ಕಾರು ಸೇತುವೆ ದಾಟಬಹುದು. ಕಾರಿನಲ್ಲಿ ಇಬ್ಬರೇ ಇರಬೇಕು, ಕಲಿಯುವವರು ಸ್ಟೀರಿಂಗ್ ಹಿಡಿದಿರಬೇಕು, ಕಲಿಸುವವರು ಪಕ್ಕದಲ್ಲಿ. ಹಾಗಾಗಿ ಊರಿನಲ್ಲಿ ಆಚೆ ಹೋಗಿ ಬರುತ್ತಿದ್ದ ಕೆಲವೇ ಕಾರುಗಳಲ್ಲಿ ಮುಂದೆ ಹಿಂದೆ ಎಲ್ ಬೋರ್ಡು ಅಂಟಿಸಿಕೊಂಡ ನನ್ನ ಹಳೇ ಬಿಳಿ ಕಾರೂ ಒಂದು.

ಇದು ಗೊತ್ತಾಗಿದ್ದೇ ತಡ, ಕಾರು ಓಡಿಸಲು ಬರುವವರೆಲ್ಲ ಕಲಿಯಲು ಬಂದರು. ಒಬ್ಬರಿಗೆ ಆಚೆ ತಾಯಿ, ಇನ್ನೊಬ್ಬರಿಗೆ ಆಚೆ ಔಷಧಿ. ನಾನು ಏನೂ ಕೇಳುತ್ತಿರಲಿಲ್ಲ. ಕಾರು ಡಗಡಗ ಅನ್ನಿಸಿ, ಎರಡು ಸಲ ಆಫ್ ಮಾಡಿ, ಕಾವಲಿನವರನ್ನು ನಗಿಸಿ ದಾಟಿಬಿಟ್ಟರೆ ಮುಗಿಯಿತು. ಸೇತುವೆಯ ಬಾಯಲ್ಲಿ ಡಾಂಬರಿನ ಡ್ರಮ್ಮುಗಳನ್ನು ಅಡ್ಡಾದಿಡ್ಡಿ ನಿಲ್ಲಿಸಿದ್ದರು, ಅದರ ನಡುವೆ ಹಾವಿನ ಹಾಗೆ ಹೋಗಬೇಕು. ಕಲಿಯುವವರು ಆ ಡ್ರಮ್ಮುಗಳಿಗೆ ಗುದ್ದುವುದನ್ನು ನೋಡುವುದೇ ಕಾವಲಿನವರಿಗೆ ಸಿನಿಮಾ.

ಒಂದು ದಿನ ದಪ್ಪ ಕನ್ನಡಕದ ಮೇಷ್ಟ್ರೊಬ್ಬರು ಆಚೆ ಇದ್ದ ತಾಯಿಯನ್ನು ನೋಡಬೇಕೆಂದು ಬಂದರು. ಪಾಪ, ಅವರಿಗೆ ನಾಟಕ ಆಡಲು ಬರಲಿಲ್ಲ. ಡ್ರಮ್ಮುಗಳ ನಡುವೆ ಒಂದಕ್ಕೂ ತಾಗಿಸದೆ ಹೋದರು. ಕಾವಲಿನವರು ನಗಲಿಲ್ಲ. ಬಾಗಿಲು ತೆಗೆದು ಅವರ ರಟ್ಟೆ ಹಿಡಿದು ಎಳೆದರು, ಆ ಎಳೆತಕ್ಕೆ ಚಪ್ಪಲಿ ಎರಡೂ ಪೆಡಲಿನ ಹತ್ತಿರವೇ ಉಳಿದವು. ಅವರನ್ನು ಎಲ್ಲಿಗೆ ಕರೆದುಕೊಂಡು ಹೋದರೋ ಗೊತ್ತಾಗಲಿಲ್ಲ. ನಾನು ಆ ಚಪ್ಪಲಿಗಳನ್ನು ಅವರ ಮನೆಗೆ ತಲುಪಿಸಿದೆ. ಅವರ ಹೆಂಡತಿ ಅವುಗಳನ್ನು ತೆಗೆದುಕೊಂಡು, ಅವರು ಒಳಗಿದ್ದಾರೇನೋ ಎಂಬ ಹಾಗೆ ಬಾಗಿಲ ಪಕ್ಕ ಜೋಡಿಸಿಟ್ಟರು. ಅಲ್ಲಿಂದ ಮುಂದೆ ಚೆನ್ನಾಗಿ ಓಡಿಸುವವರು ಯಾರಾದರೂ ಬಂದರೆ ನನ್ನ ಅಂಗೈ ಬೆವರುತ್ತಿತ್ತು.

ಭಾವ ಸಿಟಿ ಬಸ್ಸಿನ ಡ್ರೈವರು. ಊರಿನಲ್ಲಿ ಅವರಷ್ಟು ಚೆನ್ನಾಗಿ ಓಡಿಸುವವರು ಇನ್ನೊಬ್ಬರಿಲ್ಲ. ನನಗೆ ಕಲಿಸಿದವರೂ ಅವರೇ. ಆಗಿನ್ನೂ ಅವರು ಅಕ್ಕನನ್ನು ಮದುವೆಯಾದ ಹೊಸತು. ಡಿಪೋದ ಹಿಂದಿನ ಬಯಲಿನಲ್ಲಿ ಪಕ್ಕಕ್ಕೆ ಕೂತು, ಮಾತೇ ಆಡದೆ ಬೆರಳ ಗೆಣ್ಣಿನಿಂದ ಡ್ಯಾಶ್‌ಬೋರ್ಡಿಗೆ ಕುಟ್ಟುತ್ತಿದ್ದರು. ಎರಡು ಸಲ ಕುಟ್ಟಿದರೆ ಹೊರಡು, ಒಂದು ಸಲ ಕುಟ್ಟಿದರೆ ನಿಲ್ಲಿಸು. ಕಂಡಕ್ಟರ ಬಸ್ಸಿನ ತಗಡಿಗೆ ಬಡಿಯುತ್ತಾನಲ್ಲ, ಹಾಗೆ. "ಬಾಯಲ್ಲಿ ಹೇಳಿ ಭಾವ, ನಾನೇನು ಬಸ್ಸಾ?" ಅಂದರೆ ನಗುತ್ತಿದ್ದರು. ನಾನು ಸ್ಕೂಲು ತೆರೆದ ದಿನದಿಂದ ನನ್ನನ್ನು ಮೇಡಂ ಅಂತಲೇ ಕರೆದರು, ಅದರಲ್ಲಿ ಅರ್ಧ ತಮಾಷೆ, ಅರ್ಧ ಹೆಮ್ಮೆ.

ವರ್ಷದ ನಡುವೆ ಒಂದು ಬೆಳಿಗ್ಗೆ ಕಮಿಟಿಯವರು ಅವರ ಬಸ್ಸನ್ನು ತಡೆದು, ಜನರನ್ನು ಇಳಿಸಿ, ಕಾಲುವೆ ಪಕ್ಕದ ಕೆಳಗಿನ ಬೀದಿಯ ಬಾಯಿಗೆ ಅಡ್ಡ ನಿಲ್ಲಿಸು ಅಂದರು. ಬೀದಿಯ ಒಳಗಿನವರು ಹೊರಗೆ ಬರಬಾರದು, ಬಸ್ಸಿಗೆ ಬೆಂಕಿ ಹಚ್ಚುತ್ತೇವೆ ಅಂದರು. ಭಾವ ಇಂಜಿನ್ ಆಫ್ ಮಾಡಿ, ಕೀ ತೆಗೆದು, ಕಿಟಕಿಯಿಂದ ಕಾಲುವೆಗೆ ಎಸೆದುಬಿಟ್ಟರು. ಆಮೇಲೆ ತಮ್ಮ ಕಡೆಯ ಬಾಗಿಲಿನಿಂದ ಹಾರಿ ಸಂದಿಗೊಂದಿಯಲ್ಲಿ ಓಡಿ ನನ್ನ ಶೆಡ್ಡಿಗೆ ಬಂದರು. ಹುಚ್ಚು ಧೈರ್ಯ ಅಂದರೆ ಅದೇ. ಅವರೇನೂ ಗಂಡೆದೆಯವರಲ್ಲ, ಜಿರಲೆ ಕಂಡರೆ ಕುರ್ಚಿ ಹತ್ತುವ ಮನುಷ್ಯ. ಶೆಡ್ಡಿನ ಮೂಲೆಯಲ್ಲಿ ಕೂತು "ಕೈಗೆ ಬುದ್ಧಿ ಇರಲಿಲ್ಲ ಮೇಡಂ, ಎಸೆದುಬಿಡ್ತು" ಅಂತ ಹೇಳಿದರು.

ಅವತ್ತೇ ಮಧ್ಯಾಹ್ನದ ಹೊತ್ತಿಗೆ ಎಲ್ಲ ಕಂಬಗಳ ಮೇಲೂ ಭಾವನ ಫೋಟೋ ಇತ್ತು. ಡಿಪೋದ ಗುರುತಿನ ಚೀಟಿಯಿಂದ ತೆಗೆದದ್ದು. ಫೋಟೋದಲ್ಲಿ ಮುಖಕ್ಕಿಂತ ಮೀಸೆಯೇ ದೊಡ್ಡದಾಗಿ ಕಾಣುತ್ತಿತ್ತು.

ಶೆಡ್ಡಿನಲ್ಲಿ ಸವೆದ ಟೈರುಗಳನ್ನು ಒಂದರ ಮೇಲೊಂದು ಪೇರಿಸಿ ಸಾಲಾಗಿ ಕಂಬ ಮಾಡಿಟ್ಟಿದ್ದೆ. ಒಂದು ಕಂಬದ ಒಳಗೆ ಭಾವ ಮೊಣಕಾಲು ಮಡಚಿ ಕೂರುತ್ತಿದ್ದರು, ಮೇಲೆ ಇನ್ನೊಂದು ಟೈರು ಮುಚ್ಚುತ್ತಿದ್ದೆ. ಅಮ್ಮ ಕಾರು ತೊಳೆಯುವ ಬಕೆಟಿನಲ್ಲಿ ಊಟ ತರುತ್ತಿದ್ದಳು, ಮೇಲೊಂದು ಒದ್ದೆ ಬಟ್ಟೆ ಹೊದಿಸಿ. "ಸೋಪಿನ ವಾಸನೆ ಬರ್ತಿದೆ ಅತ್ತೆ" ಅಂತ ಟೈರಿನೊಳಗಿಂದ ಭಾವ ಅಂದರೆ, "ಬಾಯಿ ಮುಚ್ಕೊಂಡು ತಿನ್ನಿ, ಹೊಟ್ಟೆನೂ ಸ್ವಚ್ಛ ಆಗುತ್ತೆ" ಅನ್ನುತ್ತಿದ್ದಳು. ಹೀಗೆ ಮಾತಾಡಿಕೊಂಡರೆ ಸ್ವಲ್ಪ ಹೊತ್ತು ಭಯ ಗೊತ್ತಾಗುತ್ತಿರಲಿಲ್ಲ.

ಹುಡುಕುವವರು ಒಂದು ಮಧ್ಯಾಹ್ನ ಬಂದರು. ಒಬ್ಬ ಕಾರಿನ ಡಿಕ್ಕಿ ತೆಗೆದು ನೋಡಿದ. ಇನ್ನೊಬ್ಬ ಟೈರುಗಳ ಹತ್ತಿರ ಹೋಗಿ ಬಂದೂಕಿನ ಹಿಡಿಯಿಂದ ಒಂದನ್ನು ಗುದ್ದಿದ, ಆಮೇಲೆ ಪಕ್ಕದ್ದನ್ನು ಗುದ್ದಿದ. ಮೂಲೆಯಲ್ಲಿ ಕೂತು ನನ್ನ ಹಳೇ ಅಂಗಿ ಹೊಲಿಯುತ್ತಿದ್ದ ಅಮ್ಮ ತಲೆ ಎತ್ತಿ, "ಏನಪ್ಪಾ, ನಿನ್ನ ಕಾಲರ್ ಗುಂಡಿ ನೇತಾಡ್ತಿದೆ, ಬಿದ್ದೋಗುತ್ತೆ. ಬಾ ಇಲ್ಲಿ" ಅಂದಳು. ಅವನು ತಬ್ಬಿಬ್ಬಾಗಿ ಬಂದು ಬಗ್ಗಿದ. ಅಮ್ಮ ಅವನ ಕುತ್ತಿಗೆಯ ಹತ್ತಿರ ಸೂಜಿ ಇಟ್ಟು ಗುಂಡಿ ಹೊಲಿದು, ದಾರವನ್ನು ಹಲ್ಲಿನಿಂದ ಕಡಿದಳು. ಅವನು ಥ್ಯಾಂಕ್ಸ್ ಅಂದು ಹೊರಟುಹೋದ. ಹೋದ ಮೇಲೆ ನೋಡಿದರೆ ಅಮ್ಮ ತನ್ನ ಬೆರಳಿಗೇ ಎಷ್ಟೋ ಸಲ ಚುಚ್ಚಿಕೊಂಡಿದ್ದಳು, ಸೀರೆಯ ಮೇಲೆಲ್ಲ ರಕ್ತದ ಚುಕ್ಕೆ.

ಇನ್ನೊಂದು ಸಲ ಬಂದರೆ ಗುಂಡಿ ಹೊಲಿದು ಕಳಿಸುವ ಹಾಗಿರಲಿಲ್ಲ. ಭಾವನನ್ನು ಆಚೆ ದಾಟಿಸಬೇಕಿತ್ತು. ದಾಟಿಸಲು ಇದ್ದದ್ದು ಒಂದೇ ದಾರಿ, ನನ್ನ ಕಾರು.

ನನ್ನ ಹತ್ತಿರ ಕಲಿಯುತ್ತಿದ್ದ ದರ್ಜಿಯೊಬ್ಬ ಇದ್ದ. ಮೀಸೆ ತೆಗೆದರೆ ಭಾವನ ಮುಖದ ಕಟ್ಟು ಹೆಚ್ಚುಕಡಿಮೆ ಅವನದೇ. ನನ್ನ ಮುಖ ನೋಡಿಯೇ ಅವನಿಗೆ ಎಲ್ಲ ಅರ್ಥವಾಯಿತು. ಕಲಿಯುವವರ ಕಾರ್ಡನ್ನು ಜೇಬಿನಿಂದ ತೆಗೆದು ಮೇಜಿನ ಮೇಲಿಟ್ಟ. "ದಾಟಿದ್ರೆ ಕಾರ್ಡು ಕಳೆದೋಯ್ತು ಅಂತೀನಿ. ಸಿಕ್ಕಿಬಿದ್ರೆ ನೀವೇ ಕದ್ರಿ ಅಂತೀನಿ. ಬೇಜಾರ್ ಮಾಡ್ಕೋಬೇಡಿ, ನನಗೂ ಮಕ್ಕಳಿದ್ದಾರೆ" ಅಂದ. ನಾನು ಬೇಜಾರು ಮಾಡಿಕೊಳ್ಳಲಿಲ್ಲ. ಆ ವರ್ಷ ಅಷ್ಟು ನೇರವಾಗಿ ಮಾತಾಡಿದವನು ಅವನೊಬ್ಬನೇ.

ಉಳಿದದ್ದು ಒಂದು ಕೆಲಸ: ಭಾವನಿಗೆ ಕೆಟ್ಟದಾಗಿ ಓಡಿಸುವುದನ್ನು ಕಲಿಸುವುದು.

ಶೆಡ್ಡಿನ ಬಾಗಿಲು ಹಾಕಿಕೊಂಡು, ಒಂದು ಕಾರಿನಷ್ಟು ಉದ್ದ ಮುಂದೆ, ಅಷ್ಟೇ ಹಿಂದೆ, ಅಭ್ಯಾಸ ಶುರುವಾಯಿತು. ಅಮ್ಮ ಹೊರಗೆ ಕಾವಲು.

"ಕ್ಲಚ್ಚನ್ನ ಧಡಕ್ಕಂತ ಬಿಡಿ ಭಾವ. ಕಾಲು ಜಾರಿದ ಹಾಗೆ."

ಅವರು ಬಿಟ್ಟರು. ಕಾರು ನೀರಿನ ಮೇಲೆ ಎಲೆ ಸರಿದ ಹಾಗೆ ಸರಿಯಿತು.

"ಇದು ಧಡಕ್ಕನಾ?"

"ನಾನು ಬಿಟ್ಟೆ ಮೇಡಂ. ಕಾಲು ಬಿಡ್ತಿಲ್ಲ."

"ಇನ್ನೊಂದ್ ಸಲ. ಕಾರು ಜಿಗಿಬೇಕು, ಗೊತ್ತಾಯ್ತಾ? ತಲೆ ಮುಂದಿನ ಗಾಜಿಗೆ ಹೊಡೀಬೇಕು."

ಮತ್ತೆ ಎಲೆ ಸರಿಯಿತು. ನನಗೆ ರೇಗಿತು. ನಾನು ಎಷ್ಟೋ ಜನಕ್ಕೆ ನಯವಾಗಿ ಬಿಡಿ ಅಂತ ಬೇಡಿಕೊಂಡವಳು, ಒಬ್ಬರಿಗೂ ಬಾರದ ನಯ ಇಲ್ಲಿ ಕೇಳದೆ ಬಂದು ಕೂತಿತ್ತು. "ಬೇಕಂತಲೇ ಮಾಡ್ತಿದ್ದೀರಾ?" ಅಂತ ಕಿರುಚುವ ಬದಲು ಪಿಸುಗುಟ್ಟಿದೆ, ಯಾಕೆಂದರೆ ಕಿರುಚುವ ಹಾಗಿರಲಿಲ್ಲ. ಭಾವ ಸ್ಟೀರಿಂಗ್ ಮೇಲೆ ಹಣೆ ಇಟ್ಟರು.

"ಹಿಂದೆ ನಿಂತವರು ಬೀಳ್ತಾರಲ್ಲ" ಅಂದರು.

"ಯಾರು ಹಿಂದೆ? ಇದು ಕಾರು! ಹಿಂದೆ ಯಾರೂ ಇಲ್ಲ!"

"ಗೊತ್ತು. ಆದ್ರೆ ಇದ್ದಾರೆ ಅಂತಲೇ ಇಷ್ಟು ವರ್ಷ ಕಾಲೆತ್ತಿದ್ದೀನಿ. ಕೈಯಲ್ಲಿ ಮಗು ಎತ್ಕೊಂಡವರು, ಹಿಡ್ಕೊಳ್ಳೋಕೆ ಜಾಗ ಸಿಗದವರು. ಕಾಲಿಗೆ ಹೇಗೆ ಹೇಳ್ಲಿ, ಇವತ್ತು ಬಸ್ ಖಾಲಿ ಅಂತ?"

ನನಗೆ ಅಳು ಬಂತು. ಅಳುವಷ್ಟು ಹೊತ್ತು ಇರಲಿಲ್ಲ. ಎಷ್ಟು ದಿನ ತಿದ್ದಿದರೂ ಆ ಕಾಲು ಕೆಡಲಿಲ್ಲ. ಕೊನೆಗೆ ನಾನೇ ತೀರ್ಮಾನಿಸಿದೆ. ಕಲಿಸುವವರ ಕಾರಿನಲ್ಲಿ ಪಕ್ಕದ ಸೀಟಿಗೂ ಒಂದು ಕ್ಲಚ್ಚು, ಒಂದು ಬ್ರೇಕು ಇರುತ್ತದೆ. "ನೀವು ಸ್ಟೀರಿಂಗ್ ಹಿಡ್ಕೊಂಡು ಸುಮ್ನೆ ಕೂತ್ಕೊಳ್ಳಿ. ಕೆಡಿಸೋದು ನನ್ನ ಕೆಲಸ" ಅಂದೆ.

ಆ ವಾರ ಟೆಸ್ಟ್ ಮೈದಾನದ ಬೇಲಿಯ ಹತ್ತಿರ ಅಕ್ಕನಿಗೆ ಹೇಳಿ ಬಂದೆ, ಮುಂದಿನ ವಾರ ಇಲ್ಲೇ ನಿಂತಿರು ಅಂತ. ಅಕ್ಕ ಸೊರಗಿ ಅರ್ಧವಾಗಿದ್ದಳು. ಬೇಲಿಯ ತಂತಿಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಕೇಳಿದ್ದು ಪುಟ್ಟಿ. "ಅಪ್ಪ ಬಸ್ಸಲ್ಲಿ ಬರ್ತಾರಾ?"

ಹೊರಡುವ ಬೆಳಿಗ್ಗೆ ಅಮ್ಮ ಭಾವನ ಮೀಸೆ ತೆಗೆದಳು. ಮೇಲ್ದುಟಿಯ ಮೇಲೆ ಬಿಸಿಲು ಕಾಣದ ಬಿಳಿ ಪಟ್ಟಿಯೊಂದು ಉಳಿಯಿತು. ಅದಕ್ಕೆ ಟೀ ಡಿಕಾಕ್ಷನ್ ಸವರಿ ಬಣ್ಣ ತಂದಳು. "ಮದುವೆಯಲ್ಲೇ ಈ ಮುಖ ನೋಡಿದ್ರೆ ಮಗಳನ್ನ ಕೊಡ್ತಿರ್ಲಿಲ್ಲ" ಅಂದಳು. ನಗಲು ಹೋಗಿ ಭಾವನ ಬಾಯಿ ವಕ್ರವಾಯಿತು. ಅಮ್ಮ ಅವರ ತಲೆ ಸವರಿ ಒಳಗೆ ಹೋದವಳು ನಾವು ಹೊರಡುವವರೆಗೂ ಹೊರಗೆ ಬರಲಿಲ್ಲ.

ಸೇತುವೆಯ ಬಾಯಲ್ಲಿ ಅವತ್ತು ಕಾವಲಿದ್ದವನು ಕೆಮ್ಮಪ್ಪ. ಅವನ ನಿಜವಾದ ಹೆಸರು ಯಾರಿಗೂ ಗೊತ್ತಿಲ್ಲ. ನಗುವಾಗಲೂ ಬೈಯುವಾಗಲೂ ಕೊನೆಗೆ ಕೆಮ್ಮಿಗೆ ಬರುತ್ತಿದ್ದದ್ದರಿಂದ ಊರೇ ಇಟ್ಟ ಹೆಸರು ಅದು. ಮೇಷ್ಟ್ರನ್ನು ಎಳೆದವನೂ ಅವನೇ. ವಾಪಸು ತಿರುಗಿಸುವ ಹಾಗಿರಲಿಲ್ಲ, ತಿರುಗಿಸಿದವರ ಮೇಲೆ ಗುಂಡು ಹಾರಿಸುತ್ತಿದ್ದರು.

ಅಡ್ಡಗಟ್ಟೆಯ ಹತ್ತಿರ ಬಂದಾಗ ನನ್ನ ಕಡೆಯ ಬ್ರೇಕನ್ನು ಒದ್ದೆ. ಕಾರು ಮುಗ್ಗರಿಸಿ ಆಫ್ ಆಯಿತು. ಚೀಲದ ಹಿಂದಿದ್ದವರು ಹೋ ಅಂದರು. "ಬೆಳಿಗ್ಗೆ ಬೆಳಿಗ್ಗೆನೇ ಶುರುವಾಯ್ತಾ ಮೇಡಂ?" ಅಂತ ಕೆಮ್ಮಪ್ಪ ನಕ್ಕು ಕೆಮ್ಮಿದ. ಕಾರ್ಡು ಇಸಿದುಕೊಂಡು, ಫೋಟೋ ನೋಡಿ, ಭಾವನ ಮುಖ ನೋಡಿದ. ಹಿಂದಿನ ಕಂಬದ ಮೇಲೆ ಭಾವನ ಇನ್ನೊಂದು ಮುಖ ಮೀಸೆ ಸಮೇತ ಗಾಳಿಗೆ ಪಟಪಟ ಅನ್ನುತ್ತಿತ್ತು.

"ದರ್ಜಿನಾ? ಏನು ಹೊಲಿತೀಯ?"

"ಎಲ್ಲಾ" ಅಂದರು ಭಾವ. ದನಿ ಹೊರಟಿತು, ದೇವರು ದೊಡ್ಡವನು.

ಅಡ್ಡಗಟ್ಟೆ ಎತ್ತಿದರು. ಭಾವ ಮತ್ತೆ ಇಂಜಿನ್ ಶುರು ಮಾಡಿದರು. ಕೆಮ್ಮಪ್ಪ ಕಾರ್ಡನ್ನು ನನ್ನ ಕೈಗೆ ಕೊಟ್ಟ. ಅದನ್ನು ಚೀಲಕ್ಕೆ ಹಾಕಲು ಬಗ್ಗಿದ ಕ್ಷಣದಲ್ಲಿ ನನ್ನ ಕಾಲು ಪೆಡಲಿನಿಂದ ಪಕ್ಕಕ್ಕೆ ಸರಿದಿತ್ತು. ಅದೇ ಕ್ಷಣದಲ್ಲಿ ಕೆಮ್ಮಪ್ಪ, ಹೋಗ್ಲಿ ಬಿಡು ಅನ್ನುವ ಹಾಗೆ, ಕಾರಿನ ನೆತ್ತಿಗೆ ಅಂಗೈಯಿಂದ ಬಡಿದ. ಎರಡು ಸಲ.

ಭಾವನ ಕಾಲು ಎದ್ದಿತು. ಕಾರು ಸದ್ದಿಲ್ಲದೆ ಹೊರಟಿತು. ನಾನು ತಲೆ ಎತ್ತುವಷ್ಟರಲ್ಲಿ ಮೊದಲ ಎರಡು ಡ್ರಮ್ಮು ಹಿಂದೆ ಬಿದ್ದಿದ್ದವು. ಅಷ್ಟು ಚಿಕ್ಕ ಕಾರನ್ನು ಬಸ್ಸಿನ ಹಾಗೆ ಅಗಲವಾಗಿ ಬಳಸಿಕೊಂಡು, ಒಂದೇ ಕೈಯಲ್ಲಿ, ಹಿಂದೆ ಬಸ್ಸು ತುಂಬ ಜನ ನಿಂತಿದ್ದರೂ ಒಂದು ಮಗು ಅಲುಗದ ಹಾಗೆ.

ಹಿಂದಿನಿಂದ ಕೆಮ್ಮಪ್ಪ ದೊಣ್ಣೆಯಲ್ಲಿ ಡ್ರಮ್ಮಿಗೆ ಬಡಿದ. ಒಂದೇ ಸಲ.

ಕಾರು ನಿಂತಿತು. ಮೂತಿ ಕೂಡ ಬಗ್ಗಲಿಲ್ಲ.

ಯಾರೂ ನಗುತ್ತಿರಲಿಲ್ಲ. ಕನ್ನಡಿಯಲ್ಲಿ ಕೆಮ್ಮಪ್ಪ ನಡೆದು ಬರುವುದು ಕಂಡಿತು. ಅವನಿಗೇನೂ ಅವಸರವಿರಲಿಲ್ಲ. ನಾನು ಭಾವನ ಕಡೆ ನೋಡಲಿಲ್ಲ, ನೋಡಿದರೆ ಅಲ್ಲೇ ಅತ್ತುಬಿಡುತ್ತಿದ್ದೆ. ಪುಟ್ಟಿ ಬೇಲಿಯ ಹತ್ತಿರ ಬಸ್ಸು ಕಾಯುತ್ತಿರುತ್ತಾಳೆ ಅನ್ನುವುದೊಂದೇ ತಲೆಯಲ್ಲಿತ್ತು.

"ಬೆಣ್ಣೆಯಲ್ಲಿ ಕೂದಲು ಎಳೆದ ಹಾಗೆ ಹೋಯ್ತಲ್ಲ ಮೇಡಂ" ಅಂದ ಕೆಮ್ಮಪ್ಪ, ಕಿಟಕಿಗೆ ಮೊಣಕೈ ಊರಿ.

"ಹೋಗ್ದೆ ಏನು? ನನ್ನ ಕಡೆನೂ ಪೆಡಲ್ ಇದೆ, ನೋಡಿ. ಓಡಿಸಿದ್ದು ನಾನು. ಇವರನ್ನ ನಂಬಿದ್ರೆ ನಿಮ್ಮ ಡ್ರಮ್ಮೆಲ್ಲ ಕಾಲುವೆಯಲ್ಲಿರುತ್ತೆ." ಮಾತು ನನ್ನ ಬಾಯಿಂದಲೇ ಬಂತು, ಹೇಗೆ ಬಂತೋ ಗೊತ್ತಿಲ್ಲ.

ಅವನು ಬಗ್ಗಿ ನನ್ನ ಪೆಡಲುಗಳನ್ನು ನೋಡಿದ. ಬಹಳ ಹೊತ್ತು ನೋಡಿದ.

"ಹಂಗಾ. ಹಾಗಾದ್ರೆ ಕಾಲು ಮೇಲಿಟ್ಕೊಂಡು ಕೂತ್ಕೋ. ಚಕ್ಕಳಮಕ್ಕಳ. ಇವನೊಬ್ಬನೇ ಹಿಂದಕ್ಕೆ ತಗೊಂಡೋಗಿ, ಮತ್ತೆ ಡ್ರಮ್ಮು ಸುತ್ಕೊಂಡು ಬರ್ಲಿ. ನಾನೂ ಸ್ವಲ್ಪ ಕಲಿತೀನಿ."

ಇನ್ನಿಬ್ಬರು ಬಂದು ಕಾರಿನ ಎರಡೂ ಪಕ್ಕ ನಿಂತರು. ಒಬ್ಬನ ಬಂದೂಕಿನ ತುದಿ ಕಿಟಕಿಯ ಗಾಜಿಗೆ ತಾಗಿ ಕಿಣಿಕ್ ಅಂದಿತು. ನಾನು ಚಪ್ಪಲಿ ಬಿಟ್ಟು ಕಾಲು ಮಡಚಿ ಸೀಟಿನ ಮೇಲೆ ಇಟ್ಟುಕೊಂಡೆ. ಚಪ್ಪಲಿಗಳು ಪೆಡಲಿನ ಹತ್ತಿರ ಜೋಡಿಯಾಗಿ ಉಳಿದವು. ಇವನ್ನು ಯಾರು ನಮ್ಮ ಮನೆಗೆ ತಲುಪಿಸುತ್ತಾರೆ ಅಂತ ಯೋಚಿಸಿದೆ.

ಭಾವನ ಜೊತೆ ಗುಟ್ಟಾಗಿ ಏನೂ ಹೇಳುವ ಹಾಗಿರಲಿಲ್ಲ. ಕಲಿಸುವವಳ ಹಾಗೆ ಗಟ್ಟಿಯಾಗಿ ಮಾತಾಡಬೇಕಿತ್ತು. "ಹೆದರ್ಬೇಡಿ. ಗೇರ್ ಹಾಕಿ. ಕ್ಲಚ್ ನಿಧಾನಕ್ಕೆ ಬಿಡಿ, ನಿಧಾನಕ್ಕೆ" ಅಂದೆ. ಅವರೇ ನನಗೆ ಕಲಿಸಿದ ಪಾಠ. ಒಳಗೊಳಗೆ ನಾನು ಬೇಡುತ್ತಿದ್ದದ್ದು ಬೇರೆ: ಕೆಡಿಸಿ ಭಾವ, ದಮ್ಮಯ್ಯ, ಇದೊಂದು ಸಲ ಕೆಡಿಸಿ, ಹಿಂದೆ ನಿಂತವರು ಬಿದ್ದು ಸಾಯಲಿ.

ಆಗ ಅವರ ಎಡಗಾಲು ನನ್ನ ಕಣ್ಣಿಗೆ ಬಿತ್ತು. ಮೊಣಕಾಲು ತಾನೇ ತಾನಾಗಿ ಕುಣಿಯುತ್ತಿತ್ತು, ಸ್ಟೀರಿಂಗಿನ ಕೆಳಭಾಗಕ್ಕೆ ಟಕಟಕ ಬಡಿಯುತ್ತಿತ್ತು. ಅವರು ಕೈಯಿಂದ ಅದನ್ನು ಒತ್ತಿ ಹಿಡಿದರು, ಕೈಯೂ ಕುಣಿಯಿತು. ಗೇರು ಕರಕರ ಅರಚಿತು. ಕಾರು ಹಿಂದಕ್ಕೆ ಜಿಗಿದು ಆಫ್ ಆಯಿತು. ಮತ್ತೆ ಶುರು ಮಾಡಿದರು, ಮತ್ತೆ ಜಿಗಿದು ಆಫ್. ನನ್ನ ಹಣೆ ಮುಂದಿನ ಗಾಜಿಗೆ ಹೊಡೆಯಿತು. ಮೂರನೆಯ ಸಲ ಇಂಜಿನ್ ಬೊಬ್ಬೆ ಹೊಡೆದು, ಕಾರು ಅಡ್ಡಕ್ಕೆ ನುಗ್ಗಿ ಒಂದು ಡ್ರಮ್ಮನ್ನು ಕೆಡವಿತು. ಅದು ಉರುಳಿಕೊಂಡು ಹೋಗಿ ಕೆಮ್ಮಪ್ಪನ ಕುರ್ಚಿಗೆ ಬಡಿದು, ಕುರ್ಚಿಯ ಮೇಲಿದ್ದ ಟೀ ಲೋಟ ಚೂರಾಯಿತು.

ಎಲ್ಲರೂ ಆ ಚೂರುಗಳ ಕಡೆ ನೋಡಿದರು. ಆಮೇಲೆ ಕೆಮ್ಮಪ್ಪ ನಗತೊಡಗಿದ. ನಕ್ಕು, ಕೆಮ್ಮಿ, ಕಣ್ಣಲ್ಲಿ ನೀರು ಬಂದು, ಕಾರಿನ ಬಾನೆಟ್ ಹಿಡಿದುಕೊಂಡ. "ಕಳಿಸ್ರೋ, ಕಳಿಸ್ರೋ ಇವನನ್ನ ಆಚೆಗೆ. ನಮ್ಮ ಬಂದೂಕಿಗಿಂತ ಹೆಚ್ಚು ನಷ್ಟ ಮಾಡ್ತಾನೆ ಅವರಿಗೆ" ಅಂದ.

ಬಿಳಿ ಗೆರೆ ದಾಟುವವರೆಗೂ ಕಾರು ಕುಂಟುತ್ತಲೇ ಹೋಯಿತು. ನಾನು ಕಾಲು ಕೆಳಗಿಳಿಸಲಿಲ್ಲ, ಹಿಂದಿನಿಂದ ಕಾವಲಿನವರು ಇನ್ನೂ ನೋಡುತ್ತಿದ್ದರು. ಆಚೆಯ ಕಾವಲಿನವರು ಒಂದು ಕಣ್ಣು ಹಾಯಿಸಿ ಹೋಗಿ ಅಂದರು. ಮೊದಲ ತಿರುವು ದಾಟಿ, ಮುಚ್ಚಿದ ಒಂದು ಪುಸ್ತಕದಂಗಡಿಯ ಮುಂದೆ ಭಾವ ಕಾರು ನಿಲ್ಲಿಸಿದರು. ಅಲ್ಲೂ ಅದು ಮುಗ್ಗರಿಸಿಯೇ ನಿಂತಿತು. ನಾನು ಅವರ ಭುಜ ಹಿಡಿದು ಅಲುಗಾಡಿಸಿದೆ, ನಗುತ್ತಿದ್ದೆನೋ ಅಳುತ್ತಿದ್ದೆನೋ. "ಏನ್ ನಾಟಕ ಭಾವ! ಶೆಡ್ಡಲ್ಲಿ ಯಾಕೆ ಮಾಡ್ಲಿಲ್ಲ ಇದನ್ನ?"

ಅವರು ತಮ್ಮ ಎಡಗಾಲನ್ನೇ ನೋಡುತ್ತಿದ್ದರು. ಅದು ಇನ್ನೂ ಕುಣಿಯುತ್ತಿತ್ತು.

"ನಾಟಕ ಅಲ್ಲ" ಅಂದರು. "ನಾನು ಚೆನ್ನಾಗಿ ಬಿಡೋಣ ಅಂತಲೇ ನೋಡ್ದೆ. ಸಾಯೋ ಹೊತ್ತಲ್ಲಿ ಮರ್ಯಾದೆಯಿಂದ ಓಡಿಸಿ ಸಾಯೋಣ ಅಂತ. ಕಾಲು ಬರ್ಲಿಲ್ಲ."

ಅಲ್ಲಿಂದ ಮುಂದಕ್ಕೆ ನಾನು ಓಡಿಸಿದೆ. ಬೇಲಿಯ ಹತ್ತಿರ ಅಕ್ಕ ಭಾವನ ಅಂಗಿಯನ್ನು ಎರಡೂ ಮುಷ್ಟಿಯಲ್ಲಿ ಹಿಡಿದು ನಿಂತುಬಿಟ್ಟಳು. ಪುಟ್ಟಿ ಮೊದಲು ಅಪ್ಪನನ್ನು ಗುರುತಿಸಲಿಲ್ಲ. ಆಮೇಲೆ ಅವರ ಮೇಲ್ದುಟಿ ಮುಟ್ಟಿ, ಬೆರಳಿಗೆ ಬಂದ ಟೀ ಬಣ್ಣ ನೋಡಿದಳು. ನಾನು ಒಬ್ಬಳೇ ವಾಪಸು ಬಂದೆ. ಮಧ್ಯಾಹ್ನಕ್ಕೆ ಕಾವಲು ಬದಲಾಗುತ್ತಿತ್ತು. ಹೋಗುವಾಗ ಮುಖ ನೋಡುವವರು ಬರುವಾಗ ಎಷ್ಟು ಜನ ಅಂತಲೂ ಕೇಳದೆ ಡಿಕ್ಕಿ ಮಾತ್ರ ನೋಡುತ್ತಿದ್ದರು. ಮನೆಗೆ ಬಂದರೆ ಅಮ್ಮ ಖಾಲಿ ಬಕೆಟನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ತಲೆ ಆಡಿಸಿದೆ. ಅವಳು ಎದ್ದು ಬಕೆಟಿಗೆ ನೀರು ತುಂಬಿಸಿ ನಿಜವಾಗಲೂ ಕಾರು ತೊಳೆಯತೊಡಗಿದಳು.

ವರ್ಷ ತುಂಬುವ ಹೊತ್ತಿಗೆ ದೊಡ್ಡವರು ಎಲ್ಲೋ ಕೂತು ಕೈ ಕುಲುಕಿದರು. ಗೆರೆಯ ಮೇಲೆ ಡಾಂಬರು ಬಳಿದರು. ಬಿಸಿಲಿಗೆ ಅದು ಇನ್ನೂ ಬೇರೆಯಾಗಿ ಕಾಣುತ್ತದೆ. ಅಕ್ಕ, ಭಾವ, ಪುಟ್ಟಿ ಈಚೆ ಬಂದರು. ಮೀಸೆಯೂ ಬಂತು. ಮೇಷ್ಟ್ರು ಮಾತ್ರ ಬರಲಿಲ್ಲ. ಕೆಮ್ಮಪ್ಪ ತರಕಾರಿ ಮಾರುಕಟ್ಟೆಯಲ್ಲಿ ಎದುರಾದಾಗ "ಮೇಡಂ, ಚೆನ್ನಾಗಿದ್ದೀರಾ?" ಅಂತ ಕೇಳಿದ. ನಾನು ಚೆನ್ನಾಗಿದ್ದೀನಿ ಅಂದೆ. ಮನೆಗೆ ಬಂದು ನೋಡಿದರೆ ಕೈಚೀಲದ ತುಂಬ ಬೇಡದ ತರಕಾರಿ ಇತ್ತು, ಏನು ಕೊಂಡೆ ಅಂತಲೇ ನೆನಪಿರಲಿಲ್ಲ.

ಡಿಪೋದಿಂದ ಭಾವನಿಗೆ ಕರೆ ಬಂತು. ಬಸ್ಸಿಗೆ ಹೊಸ ಕೀ ಮಾಡಿಸಿದ್ದರು. ಮೊದಲ ದಿನ ಸೊಂಟ ನೋವು ಅಂದರು, ಆಮೇಲೆ ಜ್ವರ ಅಂದರು. ಅಕ್ಕ ನನ್ನನ್ನು ಪಕ್ಕಕ್ಕೆ ಕರೆದು, "ಒಂದ್ ಸಲ ಬಯಲಿಗೆ ಕರ್ಕೊಂಡ್ ಹೋಗೆ. ನಿನ್ ಜೊತೆ ಆದ್ರೆ ಬರ್ತಾರೆ" ಅಂದಳು.

ಡಿಪೋದ ಹಿಂದಿನ ಅದೇ ಬಯಲು. ಭಾವ ಸ್ಟೀರಿಂಗ್ ಹಿಡಿದು ಕೂತರು, ನಾನು ಪಕ್ಕದಲ್ಲಿ, ಅಕ್ಕ, ಪುಟ್ಟಿ ಹಿಂದಿನ ಸೀಟಿನಲ್ಲಿ. ಇಂಜಿನ್ ಶುರುವಾಯಿತು. ಎಲ್ಲಿಯೂ ಡ್ರಮ್ಮಿಲ್ಲ, ಬಂದೂಕಿಲ್ಲ, ದೂರದಲ್ಲಿ ಯಾರೋ ಬಟ್ಟೆ ಒಣಗಿಸುತ್ತಿದ್ದರು. ಅವರ ಮೇಲೆ ನನಗೆಷ್ಟು ನಂಬಿಕೆ ಅಂತ ತೋರಿಸಲು ನಾನು ಚಪ್ಪಲಿ ಬಿಟ್ಟು, ಎರಡೂ ಕಾಲು ಸೀಟಿನ ಮೇಲೆ ಮಡಚಿಟ್ಟುಕೊಂಡೆ. ಬೆರಳ ಗೆಣ್ಣಿನಿಂದ ಡ್ಯಾಶ್‌ಬೋರ್ಡಿಗೆ ಕುಟ್ಟಿದೆ, ಎರಡು ಸಲ.

ಕಾರು ಧಡಕ್ಕನೆ ಜಿಗಿದು ಆಫ್ ಆಯಿತು. ಹಿಂದೆ ಪುಟ್ಟಿಯ ತಲೆ ಮುಂದಿನ ಸೀಟಿಗೆ ಹೊಡೆಯಿತು. ಅವಳು ಅಳಲಿಲ್ಲ, ಅಪ್ಪನಿಗೆ ಬೇಜಾರಾಗುತ್ತದೆ ಅಂತ ತುಟಿ ಕಚ್ಚಿಕೊಂಡಳು.

ಭಾವ ತಿರುಗಿ ಅವಳನ್ನು ನೋಡಿದರು. ಆಮೇಲೆ ಸೀಟಿನ ಮೇಲಿದ್ದ ನನ್ನ ಕಾಲುಗಳನ್ನು ನೋಡಿದರು.

"ಕಾಲು ಕೆಳಗಿಡು ಮೇಡಂ" ಅಂದರು. "ಬ್ರೇಕ್ ಮೇಲಿಡು. ಹಿಂದೆ ಮಗು ಇದೆ, ನನಗೆ ಭಯ ಆಗುತ್ತೆ."

ನಾನು ಕಾಲು ಕೆಳಗಿಟ್ಟೆ.